ಒಂದೇ ತೊಗಟೆಬಟ್ಟೆಯ ಮದುವೆ

ಮದುವೆ ನವೆಂಬರಿನ ಎರಡನೇ ಗುರುವಾರ ಎಂದು ಪಾದ್ರಿಗಳು ಇಗರ್ಜಿಯಲ್ಲಿ ಓದಿ ಹೇಳಿದ ಭಾನುವಾರ, ಲೆಸಿಯೆಲಿ ಮನೆಗೆ ಬಂದವಳು ಮರ್ಯಾದೆಗೆಂದು ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಚಾಪೆಯನ್ನು ಬಿಚ್ಚುವುದಕ್ಕೂ ಮೊದಲು ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಮಗಳು ವಿಕಾಳಿಗೆ ಪೆನಿ ಎಂಬ ಗಂಡು ಗೊತ್ತಾಗಿ ಮೂರು ತಿಂಗಳಾಗಿತ್ತು. ಇನ್ನು ಉಳಿದಿದ್ದು ಎಂಟು ವಾರ. ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಆವತ್ತೇ ಆಡಿ ಮುಗಿಸಬೇಕು ಎಂಬುದು ಅವಳ ಹಟ.

ಇದ್ದದ್ದು ಕಡಿಮೆ. ಹಿಂದಿನ ವರ್ಷದ ಚಂಡಮಾರುತ ವವಾವು ದ್ವೀಪದ ಆ ಬದಿಯ ಹಳ್ಳಿಗಳನ್ನೆಲ್ಲ ಒಂದು ಸಲ ಬಾಚಿಕೊಂಡು ಹೋಗಿತ್ತು. ಗಂಡ ಫೆಲೆಟಿಯ ವೆನಿಲ್ಲಾ ಬಳ್ಳಿಗಳು ಈಗಷ್ಟೇ ಮತ್ತೆ ಹೂ ಬಿಡುತ್ತಿದ್ದವು. ಆ ಹೂಗಳು ಕಾಯಾಗಿ, ಒಣಗಿ, ಕೈಗೆ ದುಡ್ಡು ಬರಬೇಕಾದರೆ ಇನ್ನೊಂದು ವರ್ಷ. ಬೇರೆಯವರ ಮನೆಯಲ್ಲಿ ಮದುವೆಗೆ ಆರು ದೊಡ್ಡ ಹಂದಿ ಕಡಿಯುತ್ತಾರೆ. ಇವರು ಎರಡು ದೊಡ್ಡದು, ಎಂಟು ಮರಿ ಎಂದು ನಿಲ್ಲಿಸಿದರು. ಉಳಿದ ಎಲೆಯನ್ನು ಮೀನು, ಕೆಸುವಿನ ಗಡ್ಡೆ, ಮರಗೆಣಸು ತುಂಬಬೇಕು. ಮದುವೆಯ ಬಿಳಿ ಗೌನು ಆಕ್ಲೆಂಡಿನಲ್ಲಿರುವ ಲೆಸಿಯೆಲಿಯ ತಂಗಿಯ ಮಗಳು ನಾಲ್ಕು ವರ್ಷದ ಹಿಂದೆ ತೊಟ್ಟದ್ದು. ಅದು ಪೆಟ್ಟಿಗೆಯಲ್ಲಿ ಹಡಗಿನ ಮೇಲೆ ಬರುತ್ತಿತ್ತು. ಚಪ್ಪರ ಅಂದರೆ ಇಗರ್ಜಿಯ ಅಂಗಳಕ್ಕೆ ನೀಲಿ ಟಾರ್ಪಾಲು. ಬ್ಯಾಂಡು ಬೇಡ, ಹುಡುಗ ಹುಡುಗಿಯರ ಹಾಡಿನ ತಂಡ ಒಂದು ಹೊತ್ತಿನ ಊಟಕ್ಕೆ ಬರುತ್ತದೆ. ಮೂರು ಅಂತಸ್ತಿನ ಕೇಕಿನಲ್ಲಿ ಕೆಳಗಿನದು ಮಾತ್ರ ಕೇಕು, ಮೇಲಿನೆರಡೂ ಬಿಸ್ಕತ್ತಿನ ಡಬ್ಬಕ್ಕೆ ಸಕ್ಕರೆ ಮೆತ್ತಿದ್ದು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ವಿಕಾಳಿಗೆ ನಗು ಬಂತು. "ಪೆನಿ ಮೇಲಿಂದ ಕತ್ತರಿಸೋಕೆ ಹೋದ್ರೆ?" ಎಂದಳು.

"ಚಾಕು ಹಿಡ್ಕೊಂಡಿರೋ ಕೈಯಲ್ಲಿ ನಿನ್ನ ಕೈನೂ ಇರುತ್ತಲ್ಲ. ಕೆಳಕ್ಕೆ ಎಳಿ," ಎಂದಳು ತಾಯಿ. "ಈಗಿನಿಂದ್ಲೇ ಅಭ್ಯಾಸ ಆಗ್ಲಿ."

ಹೀಗೆ ಎಲ್ಲದಕ್ಕೂ ಒಂದು ದಾರಿ ಸಿಕ್ಕಿತು. ಸಿಗದೆ ಉಳಿದದ್ದು ಗಿಡದ ತೊಗಟೆ ಬಡಿದು ಮಾಡುವ ತೊಗಟೆಬಟ್ಟೆ ಒಂದೇ.

ಹಂದಿ ಕಡಿಮೆಯಾದರೆ ಜನ ಒಂದು ವಾರ ಆಡಿಕೊಂಡು ಮರೆಯುತ್ತಾರೆ. ಹೆಣ್ಣು ತೊಗಟೆಬಟ್ಟೆ ಇಲ್ಲದೆ ಗಂಡನ ಮನೆ ಮೆಟ್ಟಿದರೆ ಅದು ಅವಳ ಹೆಸರಿಗೆ ಅಂಟಿಕೊಂಡು ಅವಳ ಮಕ್ಕಳ ಮದುವೆಯ ತನಕ ಬರುತ್ತದೆ. ಬೇಕಾದದ್ದು ಎರಡು ದೊಡ್ಡ ಬಟ್ಟೆ. ಗುರುವಾರದ ಊಟದಲ್ಲಿ ಒಂದನ್ನು ಮದುಮಗಳ ಸೋದರತ್ತೆಯ ಮುಂದೆ ಹಾಸಬೇಕು. ಆವತ್ತು ಇಡೀ ಸಭೆಯಲ್ಲಿ ಅವಳಿಗಿಂತ ದೊಡ್ಡವರು ಯಾರೂ ಇಲ್ಲ, ಅವಳ ಮುಂದೆ ಇಟ್ಟದ್ದು ಅವಳದು. ಇನ್ನೊಂದನ್ನು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹೆಣ್ಣಿನ ಜೊತೆ ಗಂಡಿನ ಮನೆಗೆ ಹೊತ್ತುಕೊಂಡು ಹೋಗಿ ಅವರ ಅಂಗಳದಲ್ಲಿ ಬಿಡಿಸಬೇಕು. ಲೆಸಿಯೆಲಿಯ ಹಿತ್ತಲಲ್ಲಿ ಚಂಡಮಾರುತ ಉಳಿಸಿದ್ದ ಹಿಯಾಪೊ ಗಿಡಗಳ ತೊಗಟೆ ಒಂದು ಬಟ್ಟೆಗೆ ಸಾಕು, ಎರಡಕ್ಕೆ ಸಾಲದು. ಅರ್ಧ ಅರ್ಧ ಕತ್ತರಿಸಿದರೆ ಎರಡೂ ಮೇಜಿಗೆ ಹಾಸುವಷ್ಟಾಗುತ್ತವೆ. ಪೇಟೆಯಲ್ಲಿ ಕೊಳ್ಳೋಣವೆಂದರೆ ಎರಡು ಬೆಳೆ ವೆನಿಲ್ಲಾ ಮಾರಿದರೂ ಮುಟ್ಟದ ಬೆಲೆ.

ಉಪಾಯ ಹೇಳಿದವಳು ಫುಸಿ. ಊರಿನ ಒಂಬತ್ತು ಹೆಂಗಸರು ಕೂಡಿ ಬಟ್ಟೆ ಅಂಟಿಸುವ ಕೂಟಕ್ಕೆ ಅವಳೇ ಯಜಮಾನಿ. ಸರದಿಯ ಮೇಲೆ ಒಬ್ಬೊಬ್ಬಳ ಬಟ್ಟೆಯನ್ನು ಎಲ್ಲರೂ ಸೇರಿ ಮಾಡಿಕೊಡುವುದು ಆ ಕೂಟದ ಕಟ್ಟಳೆ, ವರ್ಷಕ್ಕೊಮ್ಮೆ ಬರುವ ಲೆಸಿಯೆಲಿಯ ಸರದಿ ಆ ತಿಂಗಳೇ ಇತ್ತು. ತನ್ನ ಅಕ್ಕನ ಮಗಳ ಮದುವೆಯಲ್ಲಿ ಸೋದರತ್ತೆ ಬಟ್ಟೆಯ ಮೇಲೆ ಕೂತು ಉಂಡು, ಎಲ್ಲರೆದುರು ತನ್ನದೆನ್ನಿಸಿಕೊಂಡು, ಹೋಗುವಾಗ ಮಡಿಸಿ ಹಿತ್ತಲಲ್ಲಿ ಬಿಟ್ಟು ಹೋದಳೆಂದೂ, ಅದೇ ಬಟ್ಟೆ ಮೂರು ದಿನದ ಮೇಲೆ ಗಂಡಿನ ಮನೆ ಸೇರಿತೆಂದೂ ಅವಳು ಹೇಳಿದಳು. "ಒಂದೇ ಬಟ್ಟೆ ಎರಡು ಸಲ ನಡೆದ್ರೆ ಅದಕ್ಕೇನು ಕಾಲು ನೋವಾ? ಅತ್ತೆ ಮನಸ್ಸು ಮಾಡ್ಬೇಕು, ಅಷ್ಟೇ."

ವಿಕಾಳ ಸೋದರತ್ತೆ ಮನಸ್ಸು ಮಾಡುವವಳೇ ಎಂಬುದು ಪ್ರಶ್ನೆ. ಫೆಲೆಟಿಯ ಅಕ್ಕ ಕಲೊಲೈನೆ ಎತ್ತರದ ಹೆಂಗಸು, ಮಾತು ಕಡಿಮೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಲೆಸಿಯೆಲಿಯ ಮನೆಯಲ್ಲಿ ಕೂತು ಒಂದು ಲೋಟ ಚಹಾ ಕುಡಿದದ್ದಿಲ್ಲ. ಲೆಸಿಯೆಲಿ ಮದುವೆಯಾಗಿ ಬಂದಾಗ ಹಾಸಿದ ಚಾಪೆಯ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಏನೂ ಹೇಳದೆ, ಪಕ್ಕದವಳ ಮುಖ ನೋಡಿದ್ದಳು. ಆ ನೋಟ ಲೆಸಿಯೆಲಿಯ ಹೊಟ್ಟೆಯಲ್ಲಿ ಇನ್ನೂ ಕೂತಿತ್ತು. ಕೇಳಲು ತಾನೇ ಹೋಗುವುದು ಸಾಧ್ಯವೇ ಇರಲಿಲ್ಲ. ತಮ್ಮನ ಹೆಂಡತಿ ಸೋದರತ್ತೆಗೆ ಕೊಟ್ಟದ್ದನ್ನು ವಾಪಸು ಕೇಳಿದಳು ಎಂದರೆ ಊರು ನಗುತ್ತದೆ. ಒಡಹುಟ್ಟಿದವನು ಕೇಳಿದರೆ ಆ ಮಾತೇ ಬೇರೆ ಎಂದುಕೊಂಡಳು. ಆ ದ್ವೀಪದ ರೀತಿಯಲ್ಲಿ ಅಕ್ಕ ತಮ್ಮ ಒಂದು ಸೂರಿನಡಿ ಕೂತು ನಗುವುದಿಲ್ಲ, ಒಬ್ಬರ ಹಾಸಿಗೆಯನ್ನು ಇನ್ನೊಬ್ಬರು ತುಳಿಯುವುದಿಲ್ಲ, ಅವಳು ಬಂದರೆ ಅವನು ಎದ್ದು ಹೊರಗೆ ಹೋಗುತ್ತಾನೆ. ಇದು ಲೆಸಿಯೆಲಿಗೆ ಗೊತ್ತಿಲ್ಲದ್ದಲ್ಲ, ಅವಳ ಅಣ್ಣನೂ ಅವಳೂ ಬೆಳೆದದ್ದು ಹಾಗೇ. ಆದರೂ ಮಗಳ ಮದುವೆಯಲ್ಲವೇ.

ಫೆಲೆಟಿ ತಲೆ ತಗ್ಗಿಸಿ ಕೇಳಿದ. ಕೇಳಿ, "ನೋಡ್ತೀನಿ," ಎಂದ.

"ನೋಡೋದಲ್ಲ, ಕೇಳೋದು."

"ಕೇಳ್ತೀನಿ ಅಂದ್ನಲ್ಲ."

ಅಕ್ಕನ ಮನೆ ವೆನಿಲ್ಲಾ ತೋಟದ ದಾರಿಯಲ್ಲೇ ಇತ್ತು. ಮಂಗಳವಾರ ಅವನು ಬೆಳಗ್ಗೆ ಹೂ ಮುಟ್ಟಿಸಲು ಹೋದವನು ಮಧ್ಯಾಹ್ನಕ್ಕೆ ಮುಂಚೆ ಬಂದ. ವೆನಿಲ್ಲಾದ ಹೂ ಒಂದೇ ಬೆಳಗು ಅರಳಿರುತ್ತದೆ, ಒಂದೊಂದನ್ನೂ ಕಡ್ಡಿಯಿಂದ ಮುಟ್ಟಿಸಿ ಕಾಯಿ ಕಟ್ಟಿಸಬೇಕು. ಆ ಕಡ್ಡಿ ಇನ್ನೂ ಅವನ ಕಿವಿಯ ಮೇಲಿತ್ತು. ಅಕ್ಕ ಒಪ್ಪಿದಳು ಎಂದ. ಲೆಸಿಯೆಲಿ ಅಷ್ಟಕ್ಕೆ ಬಿಡಲಿಲ್ಲ. ಎಲ್ಲಿ ನಿಂತು ಕೇಳಿದೆ, ಅವಳು ಏನು ಮಾಡುತ್ತಿದ್ದಳು, ಮುಖ ಹೇಗಿತ್ತು, ಏನಂದಳು ಎಂದು ಒಂದೊಂದಾಗಿ ಕೇಳಿದಳು. ಬೇಲಿಯ ಆಚೆ ನಿಂತು ಕೇಳಿದೆ ಎಂದ. ಅವಳು ಒಗೆದ ಬಟ್ಟೆ ಒಣಗಿಸುತ್ತಿದ್ದಳು ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಕ್ಕಳು," ಎಂದ.

"ಕಲೊಲೈನೆ ನಕ್ಕಳಾ?"

"ನಕ್ಕಳು. 'ಇಗರ್ಜಿ ಹಿಂದಿನ ನೀರಿನ ತೊಟ್ಟಿ ಹತ್ರ ಬಿಟ್ಟು ಹೋಗ್ತೀನಿ ಅಂತ ಹೇಳು. ನಂಗೇನು ಆ ಬಟ್ಟೆ ಹೊದ್ಕೊಂಡು ಮಲಗ್ಬೇಕಾ' ಅಂದ್ಲು."

ಲೆಸಿಯೆಲಿ ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಇಷ್ಟು ವರ್ಷ ತಾನು ಹೆದರಿಕೊಂಡಿದ್ದ ಹೆಂಗಸಿನ ಬಾಯಲ್ಲಿ ಇಂಥ ಮಾತೂ ಇತ್ತೇ ಎಂದು ಆಶ್ಚರ್ಯವಾಯಿತು, ನಾಚಿಕೆಯೂ ಆಯಿತು.

ಮರುದಿನದಿಂದ ಕೆಲಸ ಹಿಡಿಯಿತು. ಗಿಡಗಳನ್ನು ಕಡಿದು ತಾಯಿ ಮಗಳು ತೊಗಟೆ ಸುಲಿದರು, ಒಳನಾರನ್ನು ನೀರಿನಲ್ಲಿ ನೆನೆಹಾಕಿದರು. ಮರದ ದಿಮ್ಮಿಯ ಮೇಲೆ ಕೊಡತಿಯಿಂದ ಬಡಿಯುವ ಸದ್ದು ಬೆಳಗಿನಿಂದ ಹೊತ್ತು ಇಳಿಯುವ ತನಕ ಆ ಮನೆಯಿಂದ ಕೇಳುತ್ತಿತ್ತು. ಎರಡು ಬೆರಳಗಲದ ನಾರು ಬಡಿದಂತೆ ಬಡಿದಂತೆ ಮೊಳದಗಲವಾಗುತ್ತದೆ, ತೋಳು ಮಾತ್ರ ಮೇಲೇಳುವುದಿಲ್ಲ. ವಿಕಾ, ಮದುಮಗಳ ಅಂಗೈಯಲ್ಲಿ ಬೊಬ್ಬೆ ಬಂದರೆ ಗಂಡ ಓಡಿಹೋಗುತ್ತಾನೆ ಎಂದು ರಗಳೆ ಮಾಡುತ್ತಿದ್ದಳು, ಆದರೆ ಕೊಡತಿ ಬಿಡುತ್ತಿರಲಿಲ್ಲ.

ಈ ನಡುವೆ ಫೆಲೆಟಿ ಅಕ್ಕನ ಮಾತನ್ನು ತರುವುದು ನಿಲ್ಲಲಿಲ್ಲ. ಕೇಳುವವಳು ಲೆಸಿಯೆಲಿಯೇ. ಅವನು ತೋಟದಿಂದ ಬಂದ ಕೂಡಲೇ, ಅತ್ತಿಗೆ ಸಿಕ್ಕಿದ್ದರಾ ಎನ್ನುವಳು. ಒಂದು ದಿನ ಅವನು, ಹುಡುಗಿ ಕೈ ಜೋಪಾನ ಅಂದಳು ಎಂದ. ಇನ್ನೊಂದು ದಿನ, ಲೆಸಿಯೆಲಿ ಒಬ್ಬಳೇ ಇಷ್ಟೆಲ್ಲ ಹೊಂದಿಸಿಕೊಂಡು ಮಾಡುತ್ತಿದ್ದಾಳೆ, ಗಟ್ಟಿಗಿತ್ತಿ ಅಂದಳು ಎಂದ. ಆವತ್ತು ಲೆಸಿಯೆಲಿ ಎದ್ದು ಅಡಿಗೆ ಮನೆಗೆ ಹೋಗಿ ಸುಮ್ಮನೆ ಪಾತ್ರೆ ಜರುಗಿಸಿದಳು. ಕಣ್ಣು ಒದ್ದೆಯಾದದ್ದು ಗಂಡನಿಗೆ ಕಾಣುವುದು ಬೇಡವಾಗಿತ್ತು.

ಅವಳು ಅಣ್ಣನ ದೋಣಿಯಿಂದ ಬಂದ ಮೀನಿನಲ್ಲಿ ಒಳ್ಳೆಯದನ್ನು ಆರಿಸಿ ಊರ ಹುಡುಗರ ಕೈಯಲ್ಲಿ ಅತ್ತಿಗೆಗೆ ಕಳಿಸತೊಡಗಿದಳು. ಕೋಳಿ ಮೊಟ್ಟೆ ಕಳಿಸಿದಳು. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಹಾಕಿ ಸುಟ್ಟ ಮಾಂಸ ಕಳಿಸಿದಳು. ಇಗರ್ಜಿಯಲ್ಲಿ ಕಲೊಲೈನೆ ಎಂದಿನಂತೆ ತಲೆಯನ್ನು ಅಷ್ಟೇ ಅಷ್ಟು ಅಲ್ಲಾಡಿಸಿದರೆ, ಇವಳಿಗೆ ಆ ಗಂಭೀರದ ಹಿಂದೆ ಒಂದು ನಗು ಅಡಗಿದ್ದಂತೆ ಕಾಣುತ್ತಿತ್ತು. ಜನರೆದುರು ತೋರಿಸಿಕೊಳ್ಳುವವಳಲ್ಲ, ಅದೇ ದೊಡ್ಡತನ ಎಂದುಕೊಳ್ಳುತ್ತಿದ್ದಳು.

ಕೂಟದ ಹೆಂಗಸರು ಬಟ್ಟೆ ಅಂಟಿಸಲು ಬಂದ ದಿನ ಇದನ್ನು ಆಡಿಕೊಳ್ಳದೆ ಬಿಡಲಿಲ್ಲ. ಉದ್ದನೆಯ ಹಲಗೆಯ ಎರಡು ಬದಿಗೂ ಸಾಲಾಗಿ ಕೂತು, ಗೆಣಸಿನ ಅಂಟು ಸವರಿ, ಕಂದು ಬಣ್ಣ ಉಜ್ಜುತ್ತಾ, ಲೆಸಿಯೆಲಿಗೆ ವಯಸ್ಸಾದ ಮೇಲೆ ಅತ್ತಿಗೆಯ ಮೇಲೆ ಪ್ರೀತಿ ಹುಟ್ಟಿದೆಯೆಂದು ಒಬ್ಬಳು ಅಂದರೆ, ಪ್ರೀತಿ ಅಲ್ಲ, ಮೀನಿನ ವಾಸನೆ ಎಂದಳು ಇನ್ನೊಬ್ಬಳು. ಲೆಸಿಯೆಲಿ ನಕ್ಕಳು. "ನೀವ್ಯಾರೂ ಅವರನ್ನ ಸರಿಯಾಗಿ ನೋಡಿಲ್ಲ," ಎಂದಳು. "ನಾನೂ ನೋಡಿರ್ಲಿಲ್ಲ."

ಬಟ್ಟೆ ಎಂಟು ಮಾರು ಉದ್ದ, ಎರಡು ಮಾರು ಅಗಲ ಬಂತು. ಹಾರುವ ಹಕ್ಕಿಯ ಸಾಲನ್ನು ವಿಕಾ ತಾನೇ ಕಪ್ಪು ಬಣ್ಣದಲ್ಲಿ ಕುಂಚ ಹಿಡಿದು ತಿದ್ದಿದಳು. ಹುಲ್ಲಿನ ಮೇಲೆ ಒಣಗಲು ಹಾಸಿದಾಗ ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ಗುರುವಾರ ಮದುವೆ ಚೆನ್ನಾಗಿಯೇ ಆಯಿತು. ಗೌನು ಸೊಂಟದ ಹತ್ತಿರ ಸ್ವಲ್ಪ ಸಡಿಲವಾಗಿದ್ದು ಬಿಟ್ಟರೆ ಯಾರಿಗೂ ಅದರ ವಯಸ್ಸು ತಿಳಿಯಲಿಲ್ಲ. ಟಾರ್ಪಾಲಿನ ಕೆಳಗೆ ಊಟಕ್ಕೆ ಕೂತಾಗ ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಕಲೊಲೈನೆ ಕೂತಳು. ಫೆಲೆಟಿ ಅಕ್ಕನ ಕಣ್ಣಿಗೆ ಬೀಳದ ಹಾಗೆ ದೂರದಲ್ಲಿ ಕಾವಾ ಬೇರಿನ ರಸ ಕುಡಿಯುವವರ ಗುಂಪಿನಲ್ಲಿದ್ದ, ಅದು ಇರಬೇಕಾದ ರೀತಿಯೇ. ಹಾಡಿನ ನಡುವೆ ಎಂಟು ಹೆಂಗಸರು ಬಟ್ಟೆಯನ್ನು ಹಿಡಿದು ತಂದು ಅವಳ ಮುಂದೆ ಬಿಡಿಸಿದರು. ಗಂಡಿನ ಕಡೆಯವರು ಕತ್ತು ಚಾಚಿದರು. ಕಲೊಲೈನೆ ಬಗ್ಗಿ, ಅಂಚನ್ನು ಎತ್ತಿ, ಬೆರಳಿನಲ್ಲಿ ಉಜ್ಜಿ ನೋಡಿದಳು. ಆಮೇಲೆ ಲೆಸಿಯೆಲಿಯ ಕಡೆ ತಿರುಗಿ ಒಂದು ಸಲ ತಲೆದೂಗಿದಳು. ಲೆಸಿಯೆಲಿಗೆ ಅದು ತಮ್ಮಿಬ್ಬರ ಗುಟ್ಟಿನ ಸನ್ನೆ ಎನ್ನಿಸಿ ಮೈ ಬೆಚ್ಚಗಾಯಿತು.

ಊಟ ಮುಗಿದು ಜನ ಚದುರುವಾಗ ಅವಳು ಇಗರ್ಜಿಯ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಹೋಗಿ ನಿಂತಳು. ತಟ್ಟೆ ತೊಳೆಯುವ ನೆಪ ಇತ್ತು. ಒಂದಿಷ್ಟು ತಟ್ಟೆ ತೊಳೆದಳು. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಆ ಕಡೆಯಿಂದ ಕಲೊಲೈನೆಯ ಗಂಡನ ಪಿಕಪ್ ಗಾಡಿ ಹೊರಟ ಸದ್ದು ಕೇಳಿ ಮುಂದೆ ಬಂದು ನೋಡಿದಾಗ, ಗಾಡಿಯ ಹಿಂಬದಿಯಲ್ಲಿ ಒಂದು ಇಡೀ ಹಂದಿಯ ಪಕ್ಕ, ಮಡಿಸಿದ ಬಟ್ಟೆ ಇತ್ತು, ಅದರ ಮೇಲೆ ಕಲೊಲೈನೆ ಕೂತಿದ್ದಳು. ಎಲ್ಲರೂ ನೋಡುತ್ತಿರುವಾಗ ಬಿಟ್ಟು ಹೋಗುವುದು ಹೇಗೆ, ಮನೆಗೆ ಕಳಿಸುತ್ತಾಳೆ ಎಂದು ಲೆಸಿಯೆಲಿ ತನಗೆ ತಾನೇ ಹೇಳಿಕೊಂಡಳು. ಮನೆಗೆ ಬಂದ ಗಂಡನನ್ನು ಕೇಳಿದರೆ, ಅವನು ಕಾವಾದ ಮಂಪರಿನಲ್ಲಿ, "ಕಳಿಸ್ಬಹುದು," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಯಾದರೂ ಯಾರೂ ಬರಲಿಲ್ಲ. ಲೆಸಿಯೆಲಿ ಉಳಿದ ಕೇಕನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ತಾನೇ ಹೊರಟಳು.

ಕಲೊಲೈನೆ ಜಗಲಿಯ ಮೇಲೆ ಕೂತು ಕಪ್ಪು ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ಕೇಕು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಕೂತುಕೊಳ್ಳಲು ಹೇಳಿದಳು. ಮದುವೆ ಚೆನ್ನಾಯಿತು ಎಂದಳು. ಗಂಡನ ದೊಡ್ಡಮ್ಮ ದೊಡ್ಡ ದ್ವೀಪದಲ್ಲಿ ಬುಧವಾರ ತೀರಿಕೊಂಡಳೆಂದೂ, ಮದುವೆಯ ಮನೆಗೆ ಸಾವಿನ ಸುದ್ದಿ ಬೇಡವೆಂದು ಹೇಳಲಿಲ್ಲವೆಂದೂ, ಬೆಳಗಿನ ಹಡಗಿಗೆ ಗಂಡ ಹೋದನೆಂದೂ ಹೇಳಿದಳು. "ನಿನ್ನ ಬಟ್ಟೆ ಸರಿಯಾದ ಹೊತ್ತಿಗೆ ಬಂತು ನೋಡು. ಅದನ್ನೇ ಕಳಿಸಿದೆ. ಹೆಣದ ಕೆಳಗೆ ಹಾಸೋಕೆ ಅಂಥ ಬಟ್ಟೆ ಅವರ ಮನೇಲಿ ಯಾರ ಹತ್ರಾನೂ ಇಲ್ಲ."

ಲೆಸಿಯೆಲಿ ತನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ವಾಪಸು ಕೊಡ್ತೀನಿ ಅಂದಿದ್ರಲ್ಲ, ಅತ್ತಿಗೆ," ಎಂದಳು.

ಸೂಜಿ ನಿಂತಿತು. "ಯಾರು ಅಂದಿದ್ದು?"

"ನೀವು. ನೀರಿನ ತೊಟ್ಟಿ ಹತ್ರ ಬಿಟ್ಟು ಹೋಗ್ತೀನಿ ಅಂತ. ಫೆಲೆಟಿ ಬಂದು ಕೇಳಿದಾಗ."

"ಫೆಲೆಟಿ ನನ್ನ ಹತ್ರ ಮಾತಾಡಿ ಎರಡು ವರ್ಷ ಆಯ್ತು," ಎಂದಳು ಕಲೊಲೈನೆ. "ಅಪ್ಪನ ಗೋರಿಗೆ ಮರಳು ಹಾಕಿದ ದಿನ ಮಾತಾಡಿದ್ದು. ಬೇಲಿ ಹತ್ರ ನಿಂತಿರ್ತಾನೆ ಒಂದೊಂದು ದಿನ. ನಾನು ಹೊರಗೆ ಬಂದ್ರೆ ಹೊರಟು ಹೋಗ್ತಾನೆ. ತಮ್ಮನಾದವನು, ಹಾಗೇ ಇರ್ಬೇಕು ಅಂತ ನಾನೂ ಸುಮ್ನಿದ್ದೆ."

ಅಂಗಳದಲ್ಲಿ ಒಂದು ಹಂದಿ ತನ್ನ ಮರಿಗಳನ್ನು ಕಟ್ಟಿಕೊಂಡು ತೆಂಗಿನ ಸಿಪ್ಪೆಯನ್ನು ಮೂಸುತ್ತಿತ್ತು.

"ಇನ್ನೇನಂದಿದ್ದೆ ನಾನು?" ಎಂದು ಕಲೊಲೈನೆ ಕೇಳಿದಳು.

ಲೆಸಿಯೆಲಿ ಹೇಳಿದಳು. ಹುಡುಗಿಯ ಕೈ ಜೋಪಾನ ಅಂದದ್ದು, ಬಟ್ಟೆ ಹೊದ್ದುಕೊಂಡು ಮಲಗಬೇಕಾ ಎಂದು ನಕ್ಕದ್ದು, ಎಲ್ಲ ಹೇಳಿದಳು. ಗಟ್ಟಿಗಿತ್ತಿ ಎಂದದ್ದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. ಎದುರಿಗೆ ಕೂತ ಹೆಂಗಸು ಅದ್ಯಾವುದನ್ನೂ ಆಡಿದವಳಲ್ಲ ಎಂಬುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಎಂಟು ವಾರ ತಾನು ಯಾರ ಮೇಲೆ ಇಷ್ಟು ಪ್ರೀತಿ ಇಟ್ಟಿದ್ದೆ ಎಂದು ಲೆಸಿಯೆಲಿಗೆ ದಿಕ್ಕು ತೋಚಲಿಲ್ಲ. ಅಂಥವಳು ಒಬ್ಬಳು ಇರಲೇ ಇಲ್ಲ.

"ಅದಕ್ಕೇನಾ ಮೀನು?" ಎಂದಳು ಕಲೊಲೈನೆ. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. "ಇಷ್ಟು ವರ್ಷಕ್ಕೆ ತಮ್ಮನ ಹೆಂಡ್ತಿಗೆ ನಾನು ಕಂಡೆ ಅಂದ್ಕೊಂಡೆ."

"ಕೇಳಿದ್ರೆ ಕೊಡ್ತಿದ್ರಾ, ಅತ್ತಿಗೆ?"

ಕಲೊಲೈನೆ ಯೋಚಿಸಿದಳು. ಸುಳ್ಳು ಹೇಳುವ ಹೆಂಗಸಲ್ಲ. "ಗೊತ್ತಿಲ್ಲ," ಎಂದಳು. "ಕೇಳಿದ್ರೆ ತಾನೇ ಗೊತ್ತಾಗೋದು. ಈಗ ಹಡಗು ಹೋಯ್ತು."

ಲೆಸಿಯೆಲಿ ಮನೆಗೆ ಹೋಗದೆ ತೋಟಕ್ಕೆ ಹೋದಳು. ಬಿಸಿಲೇರಿದರೆ ಹೂ ಬಾಡುತ್ತದೆಂದು ಫೆಲೆಟಿ ಬಳ್ಳಿಯಿಂದ ಬಳ್ಳಿಗೆ ಬೇಗ ಬೇಗ ಹೋಗುತ್ತಿದ್ದ. ಹೆಂಡತಿ ಬಂದ ರೀತಿ ನೋಡಿಯೇ ಅವನಿಗೆ ತಿಳಿಯಿತು. ಕಡ್ಡಿಯನ್ನು ಹಿಡಿದುಕೊಂಡು ಹಾಗೇ ನಿಂತ.

"ಹೇಳು," ಎಂದಳು.

ಅವನು ಹೇಳಿದ. ಮೊದಲ ದಿನ ಬೇಲಿಯ ತನಕ ಹೋಗಿದ್ದು ನಿಜ, ಅಕ್ಕ ಬಟ್ಟೆ ಒಣಗಿಸುತ್ತಿದ್ದದ್ದೂ ನಿಜ. ಬಾಯಿ ಬರಲಿಲ್ಲ. ಅಕ್ಕನಿಗೆ ಕೊಟ್ಟದ್ದನ್ನು ಅಕ್ಕನ ಕೈಯಿಂದ ಕಿತ್ತುಕೊಳ್ಳುವ ಮಾತನ್ನು ತಮ್ಮನಾದವನು ಹೇಗೆ ಆಡುವುದು. ಇನ್ನೂ ಮೂರು ಸಲ ಹೋಗಿದ್ದ, ಮೂರು ಸಲವೂ ಅಷ್ಟೇ. ಅವಳಾಗಿಯೇ ಬಿಟ್ಟು ಹೋಗಬಹುದು ಎಂದು ಆಸೆ ಇಟ್ಟುಕೊಂಡಿದ್ದ.

"ಕೇಳೋಕೆ ಆಗ್ಲಿಲ್ಲ ಅಂತ ಆವತ್ತೇ ನನ್ನ ಹತ್ರ ಹೇಳ್ಬಹುದಿತ್ತು. ನಾನೇ ಹೋಗ್ತಿದ್ದೆ. ಕಾಲಿಗೆ ಬೀಳ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ನನ್ನ ಹೆಂಡ್ತಿ ನನ್ನಕ್ಕನ ಮುಂದೆ ಹಾಗೆ ನಿಲ್ಲೋದು ನಂಗೆ ಬೇಡವಾಗಿತ್ತು."

"ಸರಿ. ಅದೊಂದು ಸುಳ್ಳು. ಅವಳು ನಕ್ಕಿದ್ದು ಯಾಕೆ? ಹುಡುಗಿ ಕೈ ಜೋಪಾನ ಅಂದಿದ್ದು ಯಾಕೆ? ನಾನು ಗಟ್ಟಿಗಿತ್ತಿ ಅಂತ ಹೇಳಿಸಿದ್ದು ಯಾಕೆ ಅವಳ ಬಾಯಲ್ಲಿ?"

ಫೆಲೆಟಿ ಕಡ್ಡಿಯ ತುದಿ ನೋಡುತ್ತಾ ಹೇಳಿದ: "ನೀನು ಕೇಳ್ತಿದ್ದೆ. ಹೇಳಿದ್ರೆ ನಿನ್ನ ಮುಖ ಹಾಗಾಗ್ತಿತ್ತು. ಗಟ್ಟಿಗಿತ್ತಿ ಅನ್ನೋದು ನನ್ನ ಮಾತೇ."

"ನಿನ್ನ ಮಾತಾದ್ರೆ ನಿನ್ನ ಬಾಯಲ್ಲೇ ಆಡ್ಬೇಕಿತ್ತು," ಎಂದಳು ಲೆಸಿಯೆಲಿ.

ಅವನು ಕೈ ಮುಂದೆ ಮಾಡಿದ. ಅವಳು ಹಿಂದೆ ಸರಿದಳು. ಸಿಟ್ಟು ಮಾಡಿ ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ಭಾನುವಾರಕ್ಕೆ ಇನ್ನು ಎರಡು ದಿನ ಇತ್ತು, ಆ ಕೆಲಸ ಅವಳಿಗೆ ಉಳಿದಿತ್ತು. ಹೋಗುವಾಗ ಮಾತ್ರ, ಈ ಬಗ್ಗೆ ಮಗಳ ಹತ್ತಿರ ನೀನು ಒಂದು ಮಾತೂ ಆಡಬೇಡ, ನಿನ್ನ ಮಾತು ಸಾಕು ಎಂದಳು.

ಫುಸಿಯ ಮನೆಯಲ್ಲಿ ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ಬಟ್ಟೆ ಹೋಯಿತು, ಅತ್ತಿಗೆಯ ತಪ್ಪಲ್ಲ ಎಂದಳು. ಯಾರ ತಪ್ಪು ಎಂದು ಫುಸಿ ಕೇಳಲಿಲ್ಲ, ಇವಳ ಮುಖದಲ್ಲಿ ಓದಿಕೊಂಡಳು. ಹಾಸಿಗೆಯ ಕೆಳಗೆ ಮಡಿಸಿಟ್ಟಿದ್ದ ತನ್ನ ಬಟ್ಟೆಯನ್ನು ಎಳೆದು ತೆಗೆದಳು. ಆರು ಮಾರು ಉದ್ದ, ಹಳೆಯ ಮಾದರಿ, ಒಂದು ಮೂಲೆಯಲ್ಲಿ ಇಲಿ ಕಡಿದು ತೇಪೆ ಹಾಕಿದ್ದು. ಕೂಟದ ಬೇರೆ ಹೆಂಗಸರು ಕೇಳಿದರೆ ತಾನು ಉತ್ತರ ಕೊಡಬೇಕಾದದ್ದರಿಂದ ಒಂದು ಮಾತು ಈಗಲೇ ಆಗಲಿ ಎಂದಳು: ಲೆಸಿಯೆಲಿಯ ಮುಂದಿನ ಎರಡು ಸರದಿ ಫುಸಿಗೆ. ಅಂದರೆ ಮೂರು ವರ್ಷ ಲೆಸಿಯೆಲಿ ಬೇರೆಯವರ ಬಟ್ಟೆಯನ್ನೇ ಬಡಿಯಬೇಕು, ಅಂಟಿಸಬೇಕು. ಅವಳದು ಎಂದು ಒಂದು ತುಂಡೂ ಮನೆಗೆ ಬರುವುದಿಲ್ಲ. ಲೆಸಿಯೆಲಿ ಒಪ್ಪಿದಳು.

ಭಾನುವಾರ ಪ್ರಾರ್ಥನೆಯ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಊರಿಗೆ ಹೋದರು. ಬಟ್ಟೆಯನ್ನು ಹೆಗಲಿಗೆ ಎತ್ತಿಕೊಳ್ಳುವಾಗ ವಿಕಾ ಅದರ ಮಡಿಕೆಯನ್ನು ಬೆರಳಿನಿಂದ ಸರಿಸಿ ನೋಡಿದಳು. ಹಕ್ಕಿಯ ಸಾಲು ಇರಲಿಲ್ಲ.

"ಅಮ್ಮ, ಇದು ನಮ್ಮದಲ್ಲ."

"ನಿಂದೇ. ತೇಪೆ ಇರೋ ಮೂಲೆ ಒಳಗಡೆಗೆ ಹಾಕಿ ಬಿಡಿಸ್ರಿ," ಎಂದಳು ತಾಯಿ.

ವಿಕಾ ತಾಯಿಯ ಮುಖ ನೋಡಿ, ಆಮೇಲೆ ಹಿಂದೆ ನಿಂತಿದ್ದ ತಂದೆಯ ಮುಖ ನೋಡಿ, ಮುಂದೆ ಕೇಳಲಿಲ್ಲ. ಗಂಡಿನ ತಾಯಿ ಅಂಗಳದಲ್ಲಿ ಬಟ್ಟೆಯ ಸುತ್ತ ಒಂದು ಸುತ್ತು ನಡೆದಳು. ಗುರುವಾರದ ಬಟ್ಟೆಯನ್ನು ಕಂಡ ಕಣ್ಣು ಅದು, ಇದರ ಅಳತೆಯನ್ನು ಮನಸ್ಸಿನಲ್ಲೇ ಹಾಕಿಕೊಂಡಿತು. ದೊಡ್ಡದು ಅತ್ತೆಗೆ, ಚಿಕ್ಕದು ನಮಗೆ ಎಂದು ಪಕ್ಕದವಳಿಗೆ ಹೇಳಿದ್ದು ಲೆಸಿಯೆಲಿಗೆ ಕೇಳಿಸಿತು. ಆದರೂ ಬಟ್ಟೆ ಬಟ್ಟೆಯೇ. ಮಡಿಸಿ ಒಳಗೆ ತೆಗೆದುಕೊಂಡು ಹೋದರು, ಹುಡುಗಿಯನ್ನೂ ಒಳಗೆ ಕರೆದರು.

ಸೋಮವಾರದಿಂದ ಲೆಸಿಯೆಲಿ ಫುಸಿಯ ತೊಗಟೆಯನ್ನು ತನ್ನ ದಿಮ್ಮಿಯ ಮೇಲೆ ಬಡಿಯತೊಡಗಿದಳು. ಈಗ ಒಂದೇ ಕೊಡತಿಯ ಸದ್ದು. ಫೆಲೆಟಿಗೆ ಅನ್ನ ನೀರಿಗೆ ಅವಳು ಕೊರತೆ ಮಾಡಲಿಲ್ಲ. ಮಳೆ ಬರುತ್ತದೋ ಇಲ್ಲವೋ, ಹಂದಿಗೆ ಹಾಕಿದೆಯೋ ಇಲ್ಲವೋ, ಇಷ್ಟು ಮಾತು ನಡೆಯುತ್ತಿತ್ತು. ತೋಟದಿಂದ ಬಂದ ಕೂಡಲೇ ಯಾರು ಸಿಕ್ಕಿದ್ದರು ಎಂದು ಅವಳು ಕೇಳುವುದು ಮಾತ್ರ ನಿಂತುಹೋಗಿತ್ತು.

ಹತ್ತು ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಬೇಗ ಬಂದ. ದಿಮ್ಮಿಯ ಆಚೆ ಕುಕ್ಕುರುಗಾಲಲ್ಲಿ ಕೂತು, ಅವಳು ಕೊಡತಿ ನಿಲ್ಲಿಸುವುದನ್ನು ಕಾದ. ಅವಳು ನಿಲ್ಲಿಸಲಿಲ್ಲ. ಅವನು ಆ ಸದ್ದಿನ ಸಂದಿಯಲ್ಲೇ ಹೇಳಿದ.

"ಅಕ್ಕ ದಾರಿಗೆ ಬಂದು ನಿಂತಿದ್ಲು. ಅವಳೇ ಕರೆದು ಮಾತಾಡಿಸಿದ್ಲು. ಅವಳ ಹಿತ್ತಲ ಹಿಯಾಪೊ ಬೆಳೆದಿದೆಯಂತೆ. ನಿನಗೆ ಬೇಕಾದಷ್ಟು ಕಡ್ಕೊಂಡು ಹೋಗು ಅಂತ ಹೇಳು ಅಂದ್ಲು. ನಿಜ, ಲೆಸಿ. ದೇವರಾಣೆ."

ಲೆಸಿಯೆಲಿ ಅವನ ಮುಖ ನೋಡಿದಳು. ಆ ಮುಖ ಹಿಂದಿನ ಎಂಟು ವಾರವೂ ಹೀಗೇ ಇತ್ತು. ನಿಜ ಹೇಳುವಾಗ ಬೇರೆ ಆಗಬೇಕಿತ್ತು, ಆಗಿರಲಿಲ್ಲ. ಅಥವಾ ಆಗಿದ್ದು ಅವಳಿಗೆ ಗುರುತು ಹತ್ತುತ್ತಿರಲಿಲ್ಲ.

"ಹೌದಾ," ಎಂದಳು. ನಾರನ್ನು ಮಡಿಸಿ, ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಮತ್ತೆ ಬಡಿದಳು. ಅವನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹಂದಿಗಳ ಕಡೆ ಹೋದ.

ಕೈಯಲ್ಲಿದ್ದ ನಾರು ಮುಗಿದ ಮೇಲೆ ಅವಳು ಕೊಡತಿಯನ್ನು ದಿಮ್ಮಿಗೆ ಒರಗಿಸಿದಳು. ಒಳಗೆ ಹೋಗಿ ಮುಖ ತೊಳೆದು, ಸೊಂಟಕ್ಕೆ ಚಾಪೆ ಸುತ್ತಿಕೊಂಡಳು. ಅಂಗಳದಲ್ಲಿದ್ದ ಗಂಡನಿಗೆ ಏನೂ ಹೇಳದೆ, ಆ ಮಾತು ನಿಜವೋ ಸುಳ್ಳೋ ಎಂದು ತಾನೇ ಕೇಳಿ ತಿಳಿಯಲು, ಕಲೊಲೈನೆಯ ಮನೆಯ ದಾರಿ ಹಿಡಿದಳು.